ಡಬ್ಬದಲ್ಲಿ ಉಳಿದಿದ್ದ ಒಂಬತ್ತು ಗಂಟು

ಫಾರ್ಮಲಿನ್ ತುಂಬಿದ ಡಬ್ಬದ ಮುಚ್ಚಳ ತೆಗೆದರೆ ಕಣ್ಣು ಉರಿಯಬೇಕು. ಆ ಸೋಮವಾರ ಬೆಳಿಗ್ಗೆ ಉರಿಯಲಿಲ್ಲ. ಬದಲಿಗೆ ಕೊಳೆತ ವಾಸನೆ ಮೂಗಿಗೆ ಬಡಿಯಿತು.

ನಾನು ಕೋಲಾರದ ಒಂದು ಲ್ಯಾಬಿನಲ್ಲಿ ಪೆಥಾಲಜಿಸ್ಟ್. ಆಪರೇಷನ್ ಮಾಡಿ ತೆಗೆದ ಭಾಗಗಳನ್ನು ಕೊಯ್ದು, ಮೈಕ್ರೋಸ್ಕೋಪಿನಲ್ಲಿ ನೋಡಿ, ಕಾಯಿಲೆ ಯಾವುದು, ಎಲ್ಲಿಯವರೆಗೆ ಹೋಗಿದೆ ಅಂತ ಬರೆದುಕೊಡುವುದು ನನ್ನ ಕೆಲಸ. ರೋಗಿಗಳ ಮುಖ ನೋಡುವುದು ಅಪರೂಪ. ಸಂಬಂಧಿಕರ ಮುಖ ಮಾತ್ರ ಕೌಂಟರಿನಲ್ಲಿ ದಿನಾ ಕಾಣುತ್ತದೆ. ಸಣ್ಣ ಊರುಗಳ ನರ್ಸಿಂಗ್ ಹೋಮ್‌ಗಳಲ್ಲಿ ಲ್ಯಾಬ್ ಇರುವುದಿಲ್ಲ, ಹಾಗಾಗಿ ಡಬ್ಬ ಹೊತ್ತು ಬರುವವರು ಅವರೇ.

ಆ ದಿನ ಡಬ್ಬ ತಂದಿದ್ದವನು ಗೌನಿಪಲ್ಲಿಯವನು, ನಲವತ್ತರ ಆಸುಪಾಸು. ಒಗೆದ ಬಿಳಿ ಶರ್ಟು, ಹೆಗಲ ಮೇಲೊಂದು ಟವೆಲ್ಲು. ಡಬ್ಬದಲ್ಲಿದ್ದದ್ದು ಅವನ ಅಕ್ಕನ ದೊಡ್ಡ ಕರುಳಿನ ಬಲಗಡೆಯ ಭಾಗ. ಆಕೆಗೆ ನಲವತ್ತೆಂಟು. ಗಡ್ಡೆ ಬೆಳೆದು ಕರುಳು ಕಟ್ಟಿಕೊಂಡು, ಶನಿವಾರ ಸಂಜೆ ಶ್ರೀನಿವಾಸಪುರದ ಕಡೆಯ ನರ್ಸಿಂಗ್ ಹೋಮ್ ಒಂದರಲ್ಲಿ ತುರ್ತಾಗಿ ಆಪರೇಷನ್ ಆಗಿತ್ತು. ಮಾಡಿದ ಸರ್ಜನ್ ಕೋಲಾರದವರೇ, ವಾರಕ್ಕೆರಡು ದಿನ ಅಲ್ಲಿಗೆ ಹೋಗಿ ಬರುತ್ತಾರೆ.

"ಏನ್ರೀ, ಇದರೊಳಗಿದ್ದ ಔಷಧಿ ಎಲ್ಲಿ?" ಅಂದೆ.

"ಚೆಲ್ದೆ ಮೇಡಂ."

"ಚೆಲ್ದ್ರಾ?"

"ಭಾನುವಾರ ನಮ್ಮೂರ ಬಸ್ಸಲ್ಲಿ ಕೂತಿದ್ದೆ. ಸ್ವಲ್ಪ ಲೀಕ್ ಆಯ್ತು. ಘಾಟು ಅಂದ್ರೆ ಘಾಟು. ಮಕ್ಕಳೆಲ್ಲಾ ಕೆಮ್ಮೋಕೆ ಶುರು. ಹೆಂಗಸರು ಸೆರಗು ಮೂಗಿಗೆ ಹಿಡ್ಕೊಂಡ್ರು. ಕಂಡಕ್ಟರು, ಅದನ್ನ ಚೆಲ್ತೀಯೋ ನೀನೇ ಇಳೀತೀಯೋ ಅಂದ. ಇಳ್ದು ಚೆಲ್ದೆ." ನನ್ನ ಮುಖ ನೋಡಿ ಸಮಾಧಾನ ಮಾಡುವವನ ಹಾಗೆ ಸೇರಿಸಿದ. "ಸುಮ್ನೆ ಬಿಡಲಿಲ್ಲ ಮೇಡಂ. ಬೋರ್‌ವೆಲ್ ನೀರಲ್ಲಿ ಎರಡು ಸಲ ತೊಳ್ದು, ಒಳ್ಳೆ ನೀರು ತುಂಬಿಸ್ದೆ. ಮನೇಲಿ ಒದ್ದೆ ಗೋಣಿ ಸುತ್ತಿ ನೆರಳಲ್ಲಿಟ್ಟಿದ್ದೆ. ನಮ್ಮಕ್ಕಂದಲ್ವಾ, ಗಲೀಜಾಗಿ ಹೆಂಗೆ ತರೋದು?"

ನನ್ನ ಬಾಯಿ ಒಳ್ಳೆಯದಲ್ಲ, ಲ್ಯಾಬಿನವರಿಗೆಲ್ಲ ಗೊತ್ತು. ಕೌಂಟರಿನ ಮುಂದೆ ಹತ್ತು ಜನ ನಿಂತಿದ್ದರು. ಅವರೆದುರಿಗೇ ಕೂಗಾಡಿದೆ. ಆ ಘಾಟಿನ ಔಷಧಿ, ಫಾರ್ಮಲಿನ್, ಇದ್ದರೇ ಮಾಂಸ ಕೆಡದೆ ಉಳಿಯುವುದು, ನೀರು ಹಾಕಿದರೆ ಕೊಳೆಯುತ್ತದೆ, ಕೊಳೆತದ್ದರಲ್ಲಿ ನಾನು ಏನು ನೋಡಲಿ, ಅಂತೆಲ್ಲ. ಕೊನೆಗೆ ಒಂದು ಮಾತು ಅಂದೆ. "ನೀವು ಮಾಡಿರೋ ಕೆಲಸಕ್ಕೆ ನಾಳೆ ನಿಮ್ಮಕ್ಕನ ಜೀವಕ್ಕೆ ಏನಾದ್ರೂ ಆದ್ರೆ ಯಾರ್ರೀ ಹೊಣೆ?"

ಅವನು ತಲೆ ತಗ್ಗಿಸಿ ರಸೀದಿ ತಗೊಂಡು ಹೋದ. ಇವತ್ತು ನೆನೆಸಿಕೊಂಡರೂ ನನಗೆ ನಾಚಿಕೆ ಆಗುತ್ತದೆ.

ನಾನು ಏಕೆ ಅಷ್ಟು ಹಾರಾಡಿದೆ ಅನ್ನುವುದನ್ನೂ ಹೇಳಬೇಕು. ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆದ ಮನುಷ್ಯ ಎಷ್ಟು ವರ್ಷ ಬದುಕುತ್ತಾನೆ ಅಂತ ಯಾರೂ ಕರಾರುವಾಕ್ಕಾಗಿ ಹೇಳಲಾರರು. ಆದರೆ ಅಂದಾಜು ಮಾಡಲು ಕೆಲವು ಗುರುತುಗಳಿವೆ. ಗಡ್ಡೆ ಕರುಳಿನ ಗೋಡೆಯನ್ನು ಎಷ್ಟು ಆಳಕ್ಕೆ ಕೊರೆದಿದೆ, ಕೊಯ್ದ ಅಂಚಿನಲ್ಲಿ ಏನಾದರೂ ಉಳಿದಿದೆಯೇ, ಸಣ್ಣ ರಕ್ತನಾಳಗಳೊಳಗೆ ನುಗ್ಗಿದೆಯೇ, ಇವೆಲ್ಲ ನಾನು ನೋಡುವಂಥವು. ಕರುಳು ಕಟ್ಟಿಕೊಂಡು ತುರ್ತಾಗಿ ಆಪರೇಷನ್ ಆಗಿದ್ದರೆ ಅದು ಒಳ್ಳೆಯ ಗುರುತಲ್ಲ. ಈಕೆಗೆ ಆಗಿದ್ದು ಹಾಗೇ. ಮೈಯಲ್ಲಿ ರಕ್ತ ಎಷ್ಟಿತ್ತು, ಆಮೇಲಿನ ಚಿಕಿತ್ಸೆಯನ್ನು ಪೂರ್ತಿ ತಗೊಂಡರೇ, ಚೆಕಪ್ಪಿಗೆ ತಪ್ಪದೆ ಬಂದರೇ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಇವೆಲ್ಲದರ ನಡುವೆ ತುಂಬಾ ತೂಕದ್ದು ಗಂಟುಗಳ ವಿಷಯ. ಕರುಳಿಗೆ ಅಂಟಿಕೊಂಡಿರುವ ಕೊಬ್ಬಿನ ಪದರದೊಳಗೆ ಕಡಲೆಕಾಳಿನಷ್ಟು ದೊಡ್ಡವು, ಸಾಸಿವೆಯಷ್ಟು ಚಿಕ್ಕವು ಹುದುಗಿರುತ್ತವೆ. ಪುಸ್ತಕದಲ್ಲಿ ದುಗ್ಧರಸ ಗ್ರಂಥಿ ಅಂತಾರೆ, ನಮ್ಮ ಲ್ಯಾಬಿನಲ್ಲಿ ಬರೀ ಗಂಟು. ಕಾಯಿಲೆ ಕರುಳು ಬಿಟ್ಟು ಆಚೆ ಹೊರಟರೆ ಸಾಮಾನ್ಯವಾಗಿ ಮೊದಲು ಹೋಗುವುದು ಅಲ್ಲಿಗೆ. ಕನಿಷ್ಠ ಹನ್ನೆರಡನ್ನಾದರೂ ಹುಡುಕಿ ನೋಡಬೇಕು ಅನ್ನುವುದು ನಿಯಮ. ಹುಡುಕುವುದಕ್ಕೆ ಯಂತ್ರ ಇಲ್ಲ. ಬೆರಳ ತುದಿಯಲ್ಲಿ ಕೊಬ್ಬನ್ನು ಹಿಸುಕುತ್ತಾ ಹೋಗಬೇಕು, ಗಟ್ಟಿ ಸಿಕ್ಕಿದ್ದನ್ನು ಬಿಡಿಸಿ ತೆಗೆಯಬೇಕು. ಎಷ್ಟು ಹುಡುಕಿದೆವೋ ಅಷ್ಟು ಸಿಗುತ್ತವೆ.

ಡಬ್ಬಕ್ಕೆ ಹೊಸ ಫಾರ್ಮಲಿನ್ ತುಂಬಿಸಿ ಒಂದು ದಿನ ಬಿಟ್ಟು, ಮಂಗಳವಾರ ಮೇಜಿನ ಮೇಲೆ ಹರಡಿಕೊಂಡೆ. ಒಳಪದರ ಲೋಳೆಯಾಗಿ ಕೈಗೇ ಬರುತ್ತಿತ್ತು. ಗಡ್ಡೆ ಆಳದಲ್ಲಿ ಗಟ್ಟಿಯಾಗಿದ್ದರಿಂದ ಉಳಿದುಕೊಂಡಿತ್ತು, ಅಂಚುಗಳೂ ಪರವಾಗಿಲ್ಲ. ಕೊಬ್ಬು ಮಾತ್ರ ಬೆಣ್ಣೆಯ ಹಾಗೆ ಜಾರುತ್ತಿತ್ತು. ಹಿಸುಕಿದೆ, ಬೈದುಕೊಂಡೆ, ಮತ್ತೆ ಹಿಸುಕಿದೆ. ಏಳು ಗಂಟು ಸಿಕ್ಕವು. ನನ್ನ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುವ ಟೆಕ್ನಿಷಿಯನ್, ಮಾಲೂರಿನವನು, ಪಕ್ಕದಲ್ಲಿ ನಿಂತಿದ್ದ. "ಇನ್ನೆರಡು ದಿನ ಔಷಧೀಲಿ ಬಿಡೋಣ ಮೇಡಂ, ಗಟ್ಟಿಯಾದ್ಮೇಲೆ ನೋಡೋಣ," ಅಂದ. "ಕೊಳೆತಿದ್ದು ಇನ್ನೇನು ಗಟ್ಟಿಯಾಗುತ್ತಯ್ಯಾ, ಸಾಕು ಬಿಡು," ಅಂದೆ.

ಏಳರಲ್ಲೂ ಕ್ಯಾನ್ಸರ್ ಇರಲಿಲ್ಲ. ಹಾಗೇ ರಿಪೋರ್ಟ್ ಬರೆದೆ. ಸ್ಯಾಂಪಲ್ ಕೆಟ್ಟಿತ್ತು, ಗಂಟುಗಳು ಬೇಕಾದಷ್ಟು ಸಿಕ್ಕಿಲ್ಲ ಅಂತ ಕೆಳಗೊಂದು ಸಾಲು ಸೇರಿಸಿ ಸಹಿ ಹಾಕಿದೆ. ಆ ಸಾಲು ಬರೆದರೆ ನಮ್ಮ ಮೈಮೇಲೆ ಏನೂ ಬರುವುದಿಲ್ಲ.

ಎರಡು ವಾರ ಕಳೆದ ಮೇಲೆ ಸರ್ಜನ್ ಫೋನ್ ಮಾಡಿದರು. "ಮೇಡಂ, ಗೌನಿಪಲ್ಲಿ ಕೇಸು. ಗಂಟಲ್ಲಿ ಕ್ಯಾನ್ಸರ್ ಇದ್ದಿದ್ರೆ ಎರಡು ಮಾತಿರಲಿಲ್ಲ, ಕೀಮೋ ಕೊಡಲೇಬೇಕಿತ್ತು. ಇಲ್ಲ ಅಂದಿದ್ದೀರಿ. ಕರುಳು ಕಟ್ಟಿಕೊಂಡಿತ್ತು, ಗಂಟೂ ಕಮ್ಮಿ ಸಿಕ್ಕಿದೆ, ಅದಕ್ಕೇ ತಗೊಳ್ಳೋದು ಒಳ್ಳೇದು ಅಂತ ಹೇಳ್ತಿದ್ದೀನಿ. ಆಯಮ್ಮ ಒಪ್ತಾ ಇಲ್ಲ. ಮಾವಿನ ಸೀಸನ್ ಬಂತು, ಇಲ್ಲದ ಕಾಯಿಲೆಗೆ ಯಾಕೆ ಸಾರ್ ವಿಷ ಹಾಕಿಸ್ಕೊಳ್ಲಿ ಅಂತಾರೆ. ಇನ್ನು ಏನಾದ್ರೂ ನೋಡೋಕೆ ಆಗುತ್ತಾ?"

"ಡಬ್ಬನೇ ಕೆಟ್ಟಿತ್ತಲ್ಲ ಸರ್," ಅಂದೆ. ಅವರು ಸರಿ ಅಂದು ಫೋನಿಟ್ಟರು.

ಮಾರನೇ ದಿನ ಬುಧವಾರ. ಪರೀಕ್ಷೆ ಮುಗಿದ ಭಾಗಗಳನ್ನು ಹಳದಿ ಚೀಲಕ್ಕೆ ಹಾಕಿ, ಸುಡಲು ಒಯ್ಯುವ ಗಾಡಿಗೆ ಕೊಡುವ ದಿನ. ಟೆಕ್ನಿಷಿಯನ್ ಡಬ್ಬಗಳನ್ನು ಕೆಳಗಿಳಿಸುತ್ತಿದ್ದ. ಅದರಲ್ಲಿ ಒಂದರ ಮೇಲೆ ನನ್ನ ಕೈಬರಹ, ಗೌನಿಪಲ್ಲಿಯ ನಂಬರು. ಅವನು ಅದನ್ನು ಎತ್ತಿಕೊಂಡು ಒಂದು ಕ್ಷಣ ನಿಂತ. "ಇದನ್ನ ಕಳಿಸ್ಬಿಡ್ಲಾ ಮೇಡಂ?"

ಅವನು ಬೇರೆ ಯಾವ ಡಬ್ಬಕ್ಕೂ ಕೇಳಿರಲಿಲ್ಲ. ಇಪ್ಪತ್ತು ವರ್ಷದ ಸಹವಾಸ, ಅವನು ಕೇಳಿದ್ದರ ಅರ್ಥ ನನಗೆ ಗೊತ್ತಾಯಿತು. ಡಬ್ಬ ಕೆಟ್ಟಿತ್ತು, ಅದು ನಿಜ. ಆದರೆ ಏಳಕ್ಕೇ ಕೈ ಬಿಟ್ಟಿದ್ದು ಡಬ್ಬ ಕೆಟ್ಟಿದ್ದಕ್ಕಲ್ಲ. ಆ ಮನುಷ್ಯನ ಮೇಲಿನ ಸಿಟ್ಟಿಗೆ ಕೈ ಬಿಟ್ಟಿದ್ದೆ. ಇದೇ ಕೊಬ್ಬು ಬೇರೆ ಯಾರದ್ದಾದರೂ ಆಗಿದ್ದರೆ ಇನ್ನೂ ಒಂದು ಗಂಟೆ ಹುಡುಕುತ್ತಿದ್ದೆ.

"ಇರಯ್ಯಾ, ಅದನ್ನ ಇಲ್ಲಿ ತಾ," ಅಂದೆ.

ಕೊಬ್ಬನ್ನೆಲ್ಲ ಬಿಡಿಸಿ, ಆಲ್ಕೋಹಾಲ್ ಬೆರೆಸಿದ ಒಂದು ದ್ರಾವಣದಲ್ಲಿ ನೆನೆಹಾಕಿದೆವು. ಅದರಲ್ಲಿ ಎರಡು ದಿನ ಇದ್ದರೆ ಕೊಬ್ಬು ತಿಳಿಯಾಗಿ ಗಂಟುಗಳು ಸುಣ್ಣದ ಚುಕ್ಕೆಗಳ ಹಾಗೆ ಬಿಳಿಯಾಗಿ ಎದ್ದು ಕಾಣುತ್ತವೆ. ಶುಕ್ರವಾರ ಊಟ ಮುಗಿಸಿ ಇಬ್ಬರೂ ಎದುರುಬದುರು ಕೂತೆವು. ಕೊಬ್ಬನ್ನು ತೆಳ್ಳಗೆ ಹೆಚ್ಚುವುದು, ದೀಪದ ಕೆಳಗೆ ಹಿಡಿದು ನೋಡುವುದು. ಮೊದಲ ಅರ್ಧ ಗಂಟೆ ಒಂದೂ ಇಲ್ಲ. "ನೋಡಿದ್ಯಾ, ನಾನು ಹೇಳಲಿಲ್ವಾ?" ಅಂದೆ. ಅವನು ಇನ್ನೊಂದು ಚೂರು ಹೆಚ್ಚಿ ದೀಪಕ್ಕೆ ಹಿಡಿದ. ಆಮೇಲೆ ಅವನ ಕಡೆ ಒಂದು, ನನ್ನ ಕಡೆ ಎರಡು. ಸಂಜೆ ಐದರ ಹೊತ್ತಿಗೆ ಒಂಬತ್ತು ಸಿಕ್ಕಿದ್ದವು. ಕೊನೆಯದು ನಿಜಕ್ಕೂ ಸಾಸಿವೆಯಷ್ಟೇ. ಅದನ್ನು ಚಿಮಟದಲ್ಲಿ ಎತ್ತಿ ಕ್ಯಾಸೆಟ್ ಅನ್ನುವ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಗೆ ಹಾಕುವಾಗ ಬಿದ್ದುಹೋಗಿ, ಇಬ್ಬರೂ ಮೇಜಿನ ಮೇಲೆ ಬಗ್ಗಿ ಹುಡುಕಿದೆವು.

ಮೇಣದಲ್ಲಿ ಕೂರಿಸಿ, ಕತ್ತರಿಸಿ, ಬಣ್ಣ ಹಾಕಿ, ಸೋಮವಾರ ಮಧ್ಯಾಹ್ನ ಗಾಜಿನ ಸ್ಲೈಡುಗಳು ಬಂದವು. ಒಂದು, ಎರಡು, ಮೂರು, ಎಂಟರವರೆಗೂ ಏನೂ ಇಲ್ಲ. ಒಂಬತ್ತನೆಯದು ಆ ಸಾಸಿವೆ. ಅದರ ಅಂಚಿನಲ್ಲಿ, ಇರಬಾರದ ಜಾಗದಲ್ಲಿ, ಜೀವಕೋಶಗಳ ಬಳೆಯಾಕಾರದ ನಾಲ್ಕಾರು ಗುಂಪುಗಳು ಕೂತಿದ್ದವು. ಕ್ಯಾನ್ಸರ್. ಸಂದೇಹವೇ ಇಲ್ಲ.

"ಸಿಕ್ತು ಕಣಯ್ಯಾ!" ಅಂತ ಮೇಜು ಕುಟ್ಟಿದೆ. ಅವನೂ ಬಂದು ನೋಡಿ ನಕ್ಕ. ನನಗೆ ಹಬ್ಬದ ಹಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು, "ಪಾಪ ಆಯಮ್ಮ," ಅಂದ.  ಗಂಟಿನಲ್ಲಿ ಸಿಕ್ಕಿತು ಅಂದರೆ ಆಕೆಯ ಕಾಯಿಲೆ ನಾವು ಬರೆದುಕೊಟ್ಟದ್ದಕ್ಕಿಂತ ಒಂದು ಹಂತ ಮುಂದಿದೆ ಅಂತ. ಇಷ್ಟು ದಿನ ಗೊತ್ತಿಲ್ಲದೆ ಇದ್ದದ್ದು ಈಗ ಗೊತ್ತಾಗಿದೆ, ಗೊತ್ತಾದರೆ ಮಾಡುವುದಕ್ಕೆ ದಾರಿ ಇದೆ. ಹೀಗೆ ಅಂದುಕೊಂಡರೂ ನಕ್ಕಿದ್ದು ಕಸಿವಿಸಿ ಆಯಿತು.

ಹದಿನಾರು ಗಂಟುಗಳಲ್ಲಿ ಒಂದರಲ್ಲಿ ಇದೆ ಅಂತ ಎರಡನೇ ರಿಪೋರ್ಟ್ ಬರೆದೆ. ಮೊದಲನೆಯದು ಅಪೂರ್ಣ ಅಂತಲೂ ಬರೆದೆ. ಸರ್ಜನ್ ಖುಷಿಪಟ್ಟರು, ಕೀಮೋಗೆ ದಿನ ಗೊತ್ತು ಮಾಡಿದರು.

ಆ ದಿನ ಅಕ್ಕನೂ ಬರಲಿಲ್ಲ, ತಮ್ಮನೂ ಬರಲಿಲ್ಲ. ಇನ್ನೊಂದು ದಿನ ಕೊಟ್ಟರು, ಅವತ್ತೂ ಬರಲಿಲ್ಲ.

"ಫೋನ್ ತಮ್ಮನ ಹತ್ರ ಇರೋದು," ಅಂದರು ಸರ್ಜನ್. "ಮೊದಲು ಇಲ್ಲ ಅಂದ್ರಿ, ಆಮೇಲೆ ಇದೆ ಅಂದ್ರಿ, ಅದು ಡಬ್ಬದಲ್ಲಿ ಬಂದಿದ್ದು, ನಮ್ಮಕ್ಕನ ಮೈಯಲ್ಲಿರೋದಲ್ಲ ಅಂತಾನೆ. ಎಷ್ಟು ಹೇಳಿದ್ರೂ ಅದೇ ರಾಗ. ಆಪರೇಷನ್ ಆಗಿ ಆರು ವಾರ ದಾಟ್ತು ಮೇಡಂ. ಎಂಟು ವಾರದೊಳಗೆ ಶುರು ಮಾಡಬೇಕು, ತಡ ಆದಷ್ಟೂ ಉಪಯೋಗ ಕಮ್ಮಿ."

ಡಬ್ಬದಲ್ಲಿ ಬಂದಿದ್ದು. ಆ ಮಾತು ಕೇಳಿದ ಕೂಡಲೇ ಕೌಂಟರಿನಲ್ಲಿ ನಾನು ಅಂದಿದ್ದು ಕಿವಿಯಲ್ಲಿ ಗುಂಯ್‌ಗುಟ್ಟಿತು. "ನಾನು ಹೋಗಿಬರ್ತೀನಿ ಸರ್," ಅಂದೆ. "ನೀವಾ? ನೀವು ಯಾಕೆ ಮೇಡಂ?" ಅಂದರು. "ರಿಪೋರ್ಟ್ ನಂದು," ಅಂದೆ. ಲ್ಯಾಬಿನ ಡಾಕ್ಟರು ಮನೆಗೆ ಬರ್ತಾರೆ ಅಂತ ಅವರೇ ಫೋನ್ ಮಾಡಿ ಅಕ್ಕನ ಕೈಗೆ ಕೊಡಿಸಿ ಒಪ್ಪಿಗೆ ಕೇಳಿದರು.

ಭಾನುವಾರ ಬೆಳಿಗ್ಗೆ ಆ ಒಂಬತ್ತನೇ ಸ್ಲೈಡನ್ನು ಹತ್ತಿಯಲ್ಲಿ ಸುತ್ತಿ ಸಣ್ಣ ಪೆಟ್ಟಿಗೆಯಲ್ಲಿಟ್ಟು ಹೊರಟೆ. ಶ್ರೀನಿವಾಸಪುರದಲ್ಲಿ ಬಸ್ಸು ಬದಲಾಯಿಸಬೇಕು. ಮಾವಿನ ಮಂಡಿಗಳ ಮುಂದೆ ಲಾರಿ, ಟೆಂಪೋ, ಕ್ರೇಟುಗಳ ಸಾಲು. ರಸ್ತೆಯಲ್ಲಿ ಬಸ್ಸಿಗೇ ಜಾಗ ಇಲ್ಲ. ಗೌನಿಪಲ್ಲಿ ಬಸ್ಸಿನಲ್ಲಿ ಕೂತಾಗ, ತೊಡೆಯ ಮೇಲೆ ಸೋರುವ ಡಬ್ಬ ಇಟ್ಟುಕೊಂಡು ಇಷ್ಟು ಜನರ ಬೈಗುಳ ತಿಂದಿದ್ದರೆ ನಾನು ಏನು ಮಾಡುತ್ತಿದ್ದೆ ಅಂತ ಯೋಚನೆ ಬಂತು. ಬಹುಶಃ ನಾನೂ ಚೆಲ್ಲುತ್ತಿದ್ದೆ.

ಆಕೆ ಮನೆ ಮುಂದಿನ ಹೊಂಗೆ ಮರದ ಕೆಳಗೆ ಚಾಪೆ ಹಾಕಿಕೊಂಡು ಕೂತಿದ್ದರು. ಸುತ್ತ ಮಾವಿನಕಾಯಿ ರಾಶಿ. ಪ್ರತಿ ವರ್ಷ ಮಂಡಿಯಲ್ಲಿ ಕಾಯಿ ಆರಿಸುವ ಕೆಲಸ ಮಾಡುವವರು. ಈ ವರ್ಷ ಭಾರ ಎತ್ತಬಾರದು ಅಂದಿದ್ದಕ್ಕೆ ಸ್ವಂತ ಮರಗಳ ಕಾಯನ್ನು ಮನೆಯಲ್ಲೇ ಆರಿಸುತ್ತಿದ್ದರು. ಸಣಕಲು ಮೈ, ಚುರುಕು ಕಣ್ಣು. "ರಾಮ್ಮಾ, ಕೂಚೋ," ಅಂತ ಪಕ್ಕದಲ್ಲಿ ಜಾಗ ತೋರಿಸಿದರು. ನಾನೂ ಆಂಧ್ರ ಗಡಿ ಕಡೆಯ ತಾಯಲೂರಿನವಳು, ಮನೆಯಲ್ಲಿ ಅರ್ಧ ತೆಲುಗೇ. ತೆಲುಗಲ್ಲೇ ಮಾತಾಡಿ ಚಾಪೆ ಮೇಲೆ ಕೂತೆ. ಆಮೇಲೆ ಎರಡೂ ಭಾಷೆ ಬೆರೆಸಿ ಮಾತು ನಡೆಯಿತು. ತಮ್ಮ ಮಾತ್ರ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದ.

"ಯಾಕಪ್ಪಾ ಬರಲಿಲ್ಲ?" ಅಂತ ಅವನನ್ನೇ ಕೇಳಿದೆ.

ಅವನು ಹೆಗಲ ಟವೆಲ್ಲು ತೆಗೆದು ಕೈಗೆ ಸುತ್ತಿಕೊಂಡ. ಆಮೇಲೆ, "ನೀವೇ ಅಂದ್ರಲ್ಲ ಮೇಡಂ," ಅಂದ. "ನೀರು ಹಾಕಿದ್ದಕ್ಕೆ ಅಕ್ಕನ ಜೀವಕ್ಕೆ ಏನಾದ್ರೂ ಆದ್ರೆ ಹೊಣೆ ಯಾರು ಅಂತ. ಮೊದಲು ನೋಡಿದಾಗ ಇರಲಿಲ್ಲ. ಅಷ್ಟು ದಿನ ಡಬ್ಬದಲ್ಲಿ ಕೊಳೀತಾ ಕೊಳೀತಾ ಆ ಗಂಟಿಗೆ ಹತ್ಕೊಂಡಿದೆ. ಅದು ನಾನು ಮಾಡಿದ್ದು. ನಾನು ಮಾಡಿದ್ದಕ್ಕೆ ಅವಳ್ಯಾಕೆ ಆರು ತಿಂಗಳು ವಿಷ ಹಾಕಿಸ್ಕೋಬೇಕು?"

"ಯಾವ ನೀರು?" ಅಂದರು ಅಕ್ಕ. ಅವನು ಅದುವರೆಗೂ ಆಕೆಗೆ ಹೇಳಿಯೇ ಇರಲಿಲ್ಲ. ಈಗ ಹೇಳಿದ. ಬಸ್ಸು, ಘಾಟು, ಬೋರ್‌ವೆಲ್, ಗೋಣಿ, ಎಲ್ಲಾ. ಹೇಳುವಾಗ ಧ್ವನಿ ಒಡೆಯಿತು.

"ನಾನು ಅಂದಿದ್ದು ತಪ್ಪಪ್ಪಾ," ಅಂದೆ. "ಸಿಟ್ಟಲ್ಲಿ ಬಾಯಿಗೆ ಬಂದಿದ್ದು ಅಂದುಬಿಟ್ಟೆ. ನೀವು ನೀರು ಹಾಕಿದ್ರಿಂದ ನನಗೆ ಹುಡುಕೋದು ಕಷ್ಟ ಆಯ್ತು, ಅಷ್ಟೇ. ಮೈಯಿಂದ ಆಚೆ ಬಂದಮೇಲೆ ಕಾಯಿಲೆ ಬೆಳೆಯಲ್ಲ. ಅದು ಆಪರೇಷನ್‌ಗೆ ಮುಂಚೇನೇ ಆ ಗಂಟಲ್ಲಿತ್ತು. ಮೊದಲನೇ ಸಲ ನಾನು ನೆಟ್ಟಗೆ ಹುಡುಕಲಿಲ್ಲ. ಅದು ನನ್ನ ತಪ್ಪು."

ಅವನು ನಂಬಲಿಲ್ಲ. ಮನೆಗೆ ಬಂದ ದೊಡ್ಡವರು ಸಮಾಧಾನಕ್ಕೆ ಹೇಳುತ್ತಾರೆ ಅನ್ನುವ ಮುಖ ಮಾಡಿಕೊಂಡು ನಿಂತಿದ್ದ. ಸ್ಲೈಡ್ ತೆಗೆದು ತೋರಿಸಲು ಹೋದರೆ ಎರಡು ಹೆಜ್ಜೆ ಹಿಂದೆ ಸರಿದ. ಅಕ್ಕ ಕೈ ಚಾಚಿ ಇಸಕೊಂಡು ಬೆಳಕಿಗೆ ಹಿಡಿದರು. ಗಾಜಿನ ಮೇಲೆ ನೇರಳೆ ಬಣ್ಣದ ಒಂದು ಚುಕ್ಕೆ. "ಇಷ್ಟೇನಾ?" ಅಂದರು. ವಾಪಸ್ ಕೊಟ್ಟು, ರಾಶಿಯಿಂದ ಒಂದು ತೋತಾಪುರಿ ಎತ್ತಿ ತಮ್ಮನ ಕಡೆ ತಿರುಗಿಸಿದರು.

"ಲೇ, ಇದನ್ನ ಕಿತ್ತು ಎಷ್ಟು ದಿನ ಆಯ್ತು?"

"ಎರಡು."

"ನೀರಲ್ಲಿ ಮುಳುಗ್ಸಿಡು. ದಪ್ಪ ಆಗ್ತದಾ?"

"ಕೊಳೀತದೆ."

"ಕೊಳೆಯೋದು ಕೇಳಲಿಲ್ಲ ಕಣೋ. ದಪ್ಪ ಆಗ್ತದಾ?"

"...ಇಲ್ಲ."

"ಹುಳ ಇದ್ರೆ ಮರದಲ್ಲಿದ್ದಾಗ್ಲೇ ಹೊಕ್ಕಿರ್ತದೆ," ಅಂದು ಕಾಯನ್ನು ರಾಶಿಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು. "ಹಂಗಾದ್ರೆ ನನ್ನೊಳಗೆ ಇನ್ನೂ ಇದೆಯೇನಮ್ಮಾ?"

"ಗೊತ್ತಿಲ್ಲಮ್ಮಾ. ಒಂದು ಗಂಟಿಗೆ ಹೋಗಿತ್ತು ಅಂದ್ರೆ ಇನ್ನೆಲ್ಲಾದ್ರೂ ಕಣ್ಣಿಗೆ ಕಾಣದಷ್ಟು ಉಳಿದಿರಬಹುದು. ಅದಕ್ಕೇ ಕೀಮೋ."

"ಹಾಕಿಸ್ಕೊಂಡ್ರೆ ಉಳೀತೀನಾ?"

ಸುಳ್ಳು ಹೇಳಬೇಕು ಅನ್ನಿಸಿತು. "ಗ್ಯಾರಂಟಿ ಕೊಡೋಕಾಗಲ್ಲ. ಹಾಕಿಸ್ಕೊಂಡೋರಲ್ಲಿ ಉಳಿಯೋರು ಜಾಸ್ತಿ," ಅಂದೆ.

ಆಕೆ ಹತ್ತಿಪ್ಪತ್ತು ಕಾಯಿ ಆರಿಸಿದರು, ದಪ್ಪದ್ದು ಒಂದು ಕಡೆ, ಮಚ್ಚೆ ಇದ್ದದ್ದು ಒಂದು ಕಡೆ. "ಬುಧವಾರ ಬರ್ತೀನಿ," ಅಂದರು.

ಬಂದರು. ಮೂರು ವಾರಕ್ಕೊಮ್ಮೆ ಇಂಜೆಕ್ಷನ್, ನಡುವೆ ಮಾತ್ರೆ, ಆರು ತಿಂಗಳು. ನನಗೆ ಸುದ್ದಿ ಸಿಗುತ್ತಿದ್ದದ್ದು ಸರ್ಜನ್ ಕಡೆಯಿಂದ. ತಣ್ಣೀರು ಮುಟ್ಟಿದರೆ ಬೆರಳೆಲ್ಲ ಜುಮ್ಮೆನ್ನುತ್ತಿತ್ತಂತೆ. ಐದನೇ ಸಲಕ್ಕೆ ರಕ್ತ ತೀರಾ ಇಳಿದು ಎರಡು ವಾರ ಮುಂದಕ್ಕೆ ಹಾಕಬೇಕಾಯಿತು, ಇನ್ನು ಸಾಕು ಅಂತ ಆಕೆ ಅಂದಿದ್ದರಂತೆ. ಆದರೂ ಎಂಟು ಸಲದ ಇಂಜೆಕ್ಷನ್ನೂ ಮುಗಿಸಿದರು. ಆಮೇಲೆ ಚೆಕಪ್ಪುಗಳು, ರಕ್ತಪರೀಕ್ಷೆ, ಸ್ಕ್ಯಾನು. ಒಂದನ್ನೂ ತಪ್ಪಿಸಲಿಲ್ಲ. ಪ್ರತಿ ಸಲ ತಮ್ಮ ಜೊತೆಗೆ ಬರುತ್ತಿದ್ದ. ಆದರೆ ನಮ್ಮ ಲ್ಯಾಬಿನ ಕಟ್ಟಡದ ಕಡೆ ಮಾತ್ರ ಸುಳಿಯುತ್ತಿರಲಿಲ್ಲ.

ಮೂರು ವರ್ಷದ ಚೆಕಪ್ಪಿನ ದಿನ ಮಧ್ಯಾಹ್ನ, ಮಹಡಿಯ ಮೇಲಿನ ನನ್ನ ಕೋಣೆಯ ಬಾಗಿಲಲ್ಲಿ ಆಕೆ ನಿಂತಿದ್ದರು. ಮೈ ತುಂಬಿಕೊಂಡಿತ್ತು, ಮೊದಲು ಗುರುತೇ ಸಿಗಲಿಲ್ಲ. ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂದರಂತೆ. ಹಿಂದೆ, ಕಾರಿಡಾರಿನಲ್ಲಿ, ಟವೆಲ್ಲು ಹಿಡಿದುಕೊಂಡು ಅವನು.

"ಮೇಡಮ್ಮಾ, ಆ ಗಾಜು ಇನ್ನೂ ಇದೆಯಾ?"

ನಾವು ಸ್ಲೈಡುಗಳನ್ನು ವರ್ಷಗಟ್ಟಲೆ ಇಟ್ಟಿರುತ್ತೇವೆ. ಟೆಕ್ನಿಷಿಯನ್ ಹುಡುಕಿ ತಂದ. ಮೈಕ್ರೋಸ್ಕೋಪಿನಲ್ಲಿ ಕೂರಿಸಿ ಜಾಗ ತೋರಿಸಿದೆ. ಆಕೆ ಒಂದು ಕಣ್ಣು ಮುಚ್ಚಿಕೊಂಡು ಬಗ್ಗಿದರು.

"ಆ ಬಳೆ ಬಳೆ ಥರ ಇದೆಯಲ್ಲ, ಅದಾ?"

"ಅದೇ."

"ಅವತ್ತು ಎಷ್ಟಿತ್ತು?"

"ಅಷ್ಟೇ ಇತ್ತಮ್ಮಾ."

ಆಕೆ ತಲೆ ಎತ್ತಿ ಬಾಗಿಲ ಕಡೆ ತಿರುಗಿದರು. "ಲೇ, ಇಟು ರಾರಾ. ಮೂರು ವರ್ಷ ಆಯ್ತಂತೆ. ಒಂದು ಚೂರೂ ಬೆಳೆದಿಲ್ಲ. ಬಂದು ನೋಡು."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಎಲ್ಲಿ ಕಣ್ಣಿಡಬೇಕು ಅಂತ ಗೊತ್ತಾಗದೆ ಸ್ವಲ್ಪ ತಡಕಾಡಿದ. ಅಕ್ಕನೇ ಅವನ ತಲೆ ಹಿಡಿದು ಸರಿಯಾದ ಜಾಗಕ್ಕೆ ಬಗ್ಗಿಸಿದರು. ಬಹಳ ಹೊತ್ತು ನೋಡಿದ. ಎದ್ದವನು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಒರೆಸಿಕೊಳ್ಳುತ್ತಲೇ ಇದ್ದ.

"ಔಷಧಿ ಘಾಟು ಮೇಡಂ," ಅಂದ. "ಕಣ್ಣು ಉರೀತದೆ."

ಫಾರ್ಮಲಿನ್ ಇರುವುದು ಕೆಳಗಿನ ಕೋಣೆಯಲ್ಲಿ. ನನ್ನ ಕೋಣೆಯಲ್ಲಿ ಒಂದು ಹನಿಯೂ ಇರುವುದಿಲ್ಲ.

"ಹೌದಪ್ಪಾ," ಅಂದೆ. "ಇಲ್ಲಿ ಯಾವಾಗ್ಲೂ ಹಂಗೇ."